95 ಡಿಗ್ರಿಯಿಂದ ಕೆಳಗಿಳಿಯದ ರೈಜನ್ 7700ಎಕ್ಸ್

ಈ ಪ್ರೊಸೆಸರ್ ಕೂತಿರುವ ಮಿಷನ್ನು ನಮ್ಮ ಭಾವನವರದು. ಬೆಂಗಳೂರಿನ ಹನುಮಂತನಗರದಲ್ಲಿ ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡುವ ಸಣ್ಣ ಸ್ಟುಡಿಯೋ ಇಟ್ಟಿದ್ದಾರೆ. ಹಳೇ ಡೆಸ್ಕ್‌ಟಾಪಿನಲ್ಲಿ 4ಕೆ ಫುಟೇಜ್ ಟೈಮ್‌ಲೈನಿಗೆ ಎಳೆದರೆ ಪ್ಲೇ ಆಗುವುದಕ್ಕೇ ಒದ್ದಾಡುತ್ತಿತ್ತು. 2022ರ ಸೆಪ್ಟೆಂಬರ್ 27ಕ್ಕೆ ಎಎಂಡಿಯ ರೈಜನ್ 7000 ಸರಣಿಯ ಪ್ರೊಸೆಸರು ಮಾರಾಟಕ್ಕೆ ಬಂದಿತ್ತು. ಜೆನ್ 4 ಅನ್ನುವ ಹೊಸ ವಿನ್ಯಾಸದ ಕೋರು, ಪ್ರೊಸೆಸರ್ ಕೂರುವುದಕ್ಕೆ ಹೊಸ ಎಎಂ5 ಸಾಕೆಟ್ಟು, ರ‍್ಯಾಮ್ ಡಿಡಿಆರ್5 ಮಾತ್ರ. "ದುಡ್ಡಂತೂ ಹಾಕ್ತಿದೀವಿ, ಹೊಸದೇ ಇರ್ಲಿ ಕಣಯ್ಯ" ಅಂದರು ಭಾವ. ವರ್ಷದ ಕೊನೆಗೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಿಂದ ಸಾಮಾನು ಬಂತು.

8 ಕೋರಿನ 7700ಎಕ್ಸ್, ಬಿ650 ಮದರ್‌ಬೋರ್ಡು, 16 ಜಿಬಿಯ ಎರಡು ಡಿಡಿಆರ್5-5600 ರ‍್ಯಾಮ್ ಕಡ್ಡಿ, ಆರ್‌ಟಿಎಕ್ಸ್ 3060 ಕಾರ್ಡು, 650 ವ್ಯಾಟಿನ ಪವರ್ ಸಪ್ಲೈ ಅಂದರೆ ಎಸ್‌ಎಂಪಿಎಸ್. ಎಕ್ಸ್ ಅಂತ ಕೊನೆಗಿರುವ ಈ ಸಾಲಿನ ಚಿಪ್ಪುಗಳ ಡಬ್ಬದಲ್ಲಿ ಕೂಲರ್ ಬರುವುದಿಲ್ಲ, ಹಾಗಾಗಿ 120 ಎಂಎಂ ಫ್ಯಾನಿನ ಒಂಟಿ ಟವರ್ ಕೂಲರ್ ಬೇರೆ ತಂದೆವು. ಕ್ಯಾಬಿನೆಟ್ ಮಾತ್ರ ಭಾವನವರ ಆಯ್ಕೆ. ಮುಂದೆ ಪೂರ್ತಿ ಗಾಜು, ಅದರ ಹಿಂದೆ ಬಣ್ಣಬಣ್ಣದ ಲೈಟಿನ ಮೂರು ಫ್ಯಾನು. ಗಾಳಿಗೆ ಗಾಜಿನ ಪಕ್ಕದಲ್ಲಿ ಒಂದು ಬೆರಳಿನಗಲದ ಸಂದು. "ಗಿರಾಕಿ ಬಂದು ಕೂತಾಗ ಕಾಣ್ಬೇಕಲ್ವಾ" ಅಂದರು. ಆಮೇಲಿನ ತಲೆನೋವಿನ ಮುಕ್ಕಾಲು ಪಾಲು ಆ ಗಾಜಿನದು.

ಹಿಂದಿನ ಎಎಂ4 ಸಾಕೆಟ್ಟಿನಲ್ಲಿ ಕೆಲಸ ಮಾಡಿದವರಿಗೆ ಎಎಂ5 ಕೂರಿಸುವಾಗ ಕೈ ಸ್ವಲ್ಪ ನಡುಗುತ್ತದೆ. ಪಿನ್ನುಗಳು ಈಗ ಪ್ರೊಸೆಸರಿನಲ್ಲಿಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿವೆ, ಒಟ್ಟು 1718. ಚಿಪ್ಪನ್ನು ಮೂಲೆಯ ತ್ರಿಕೋನ ನೋಡಿ ಮೆಲ್ಲಗೆ ಇಳಿಸಿ, ಕಬ್ಬಿಣದ ಚೌಕಟ್ಟು ಮುಚ್ಚಿ ಲಿವರ್ ಒತ್ತಬೇಕು. ಅದಕ್ಕೆ ಬೇಕಾದ ಬಲ ನೋಡಿದರೆ ಏನೋ ಮುರಿಯಿತು ಅನ್ನಿಸುವುದು ಸಹಜ, ಏನೂ ಆಗಿರುವುದಿಲ್ಲ. ಸಾಕೆಟ್ಟಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಟಕ್ಕನೆ ಹಾರಿಕೊಳ್ಳುತ್ತದೆ. ಅದನ್ನು ಬಿಸಾಕಬೇಡಿ, ವಾರಂಟಿಗೆ ಬೋರ್ಡು ಕಳಿಸುವಾಗ ಬೇಕು.

ಕೂಲರ್ ವಿಷಯದಲ್ಲಿ ಒಂದು ಮಾತು. ಎಎಂ4 ಕೂಲರ್ ಎಲ್ಲವೂ ಎಎಂ5ಕ್ಕೆ ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅರ್ಧ ನಿಜ. ಎಎಂ5ರಲ್ಲಿ ಬೋರ್ಡಿನ ಹಿಂದಿನ ಪ್ಲೇಟು ಸಾಕೆಟ್ಟಿನ ಚೌಕಟ್ಟಿಗೇ ಬಿಗಿದಿರುತ್ತದೆ, ಬಿಚ್ಚಿ ಬದಲಾಯಿಸುವ ಹಾಗಿಲ್ಲ. ಆ ಪ್ಲೇಟಿನ ತೂತಿಗೇ ಸ್ಕ್ರೂ ಹಾಕಿಕೊಳ್ಳುವ ಕೂಲರ್ ಆದರೆ ಸರಿ. ತನ್ನದೇ ಹಿಂಬದಿ ಪ್ಲೇಟು ತರುವ ಕೂಲರ್ ಆದರೆ ಕಂಪನಿಯಿಂದ ಬೇರೆ ಕಿಟ್ ತರಿಸಬೇಕು.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇತ್ತು. ಡಿಡಿಆರ್5ರ ಮೆಮೊರಿ ಟ್ರೈನಿಂಗ್ ಅದು. ಬೋರ್ಡು ಪ್ರತಿ ಕಡ್ಡಿಯ ಟೈಮಿಂಗ್ ತಾನೇ ಅಳೆದು ಹೊಂದಿಸಿಕೊಳ್ಳುವವರೆಗೆ ನಿಮಿಷಗಟ್ಟಲೆ ಏನೂ ಕಾಣುವುದಿಲ್ಲ. ಸುಮ್ಮನೆ ಎದ್ದು ಹೋಗಿ ಕಾಫಿ ಮಾಡಿಕೊಂಡು ಬರುವುದು ವಾಸಿ. ಆಮೇಲೆ ವಿಂಡೋಸ್, ವಿಡಿಯೋ ಎಡಿಟಿಂಗಿನ ರಿಸಾಲ್ವ್, ಎಲ್ಲ ಸಲೀಸು. ಪ್ರೊಸೆಸರಿನ ವೇಗ ಅಳೆಯುವ ಸಿನೆಬೆಂಚ್ ಆರ್23ರಲ್ಲಿ ಎಲ್ಲ ಕೋರು ಓಡಿಸಿದರೆ ಸ್ಕೋರು 19,300ರ ಆಸುಪಾಸು. ಹಳೇ ಮಿಷನ್ನಿನಲ್ಲಿ ರಾತ್ರಿ ಬಿಟ್ಟು ಬೆಳಿಗ್ಗೆ ನೋಡುತ್ತಿದ್ದ ಎಕ್ಸ್‌ಪೋರ್ಟು ಊಟ ಮುಗಿಸಿ ಬರುವಷ್ಟರಲ್ಲಿ ಆಗುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ಯಾರೂ ಟೆಂಪರೇಚರ್ ಕೇಳಲಿಲ್ಲ.

ಏಪ್ರಿಲ್ ಬಂತು. ಭಾವ ಯಾರೋ ಹೇಳಿದರು ಅಂತ ಎಚ್‌ಡಬ್ಲ್ಯೂಇನ್ಫೋ ಅನ್ನುವ ಟೆಂಪರೇಚರ್ ತೋರಿಸುವ ತಂತ್ರಾಂಶ ಹಾಕಿಕೊಂಡು ನೋಡಿದ್ದಾರೆ. ಫೋನ್ ಬಂತು.

"ಏನಯ್ಯ ಇದು, 95 ತೋರಿಸ್ತಿದೆ! ನೀರು ಕುದಿಯೋಕೆ ಇನ್ನು ಐದೇ ಡಿಗ್ರಿ."

"ಭಾವ, ಬೆಂಗಳೂರಿನ ಎತ್ತರಕ್ಕೆ ನೀರು 97ಕ್ಕೇ ಕುದಿಯುತ್ತೆ. ಎರಡೇ ಡಿಗ್ರಿ."

ನಗಲಿಲ್ಲ. ಮದುವೆ ಸೀಸನ್ನು, ಕೈಯಲ್ಲಿ ಆರ್ಡರು ತುಂಬಿದ್ದವು. ಮಾರಿದ ಅಂಗಡಿಯವರು ಆಗಲೇ "ವಾಟರ್ ಕೂಲರ್ ಹಾಕ್ಸಿ ಸಾರ್, ಇಲ್ಲಾಂದ್ರೆ ಚಿಪ್ ಹೋಗುತ್ತೆ" ಅಂದಿದ್ದರಂತೆ.

ಚಿಪ್ ಹೋಗುವುದಿಲ್ಲ. ಈ ಪೀಳಿಗೆಯಲ್ಲಿ 95 ಅನ್ನುವುದು ಕೆಟ್ಟಿದೆ ಅನ್ನುವ ಸೂಚನೆ ಅಲ್ಲ. ಎಎಂಡಿ ಬಿಡುಗಡೆಯ ಹೊತ್ತಿಗೇ ಹೇಳಿತ್ತು: ಭಾರದ ಕೆಲಸದಲ್ಲಿ 95 ಡಿಗ್ರಿಯವರೆಗೆ ಹೋಗಿ ಅಲ್ಲೇ ಓಡುತ್ತಿರುವ ಹಾಗೆ ಇದನ್ನು ಮಾಡಿದ್ದೇವೆ ಅಂತ. ಹಳೆಯ ಚಿಪ್ಪುಗಳಿಗೆ ಇಂತಿಷ್ಟು ವೇಗ ಅಂತ ಕಟ್ಟಿಕೊಟ್ಟು, ಬಿಸಿ ಎಷ್ಟಾಗುತ್ತದೋ ನೋಡುತ್ತಿದ್ದೆವು. ಇಲ್ಲಿ ಲೆಕ್ಕ ತಿರುವುಮುರುವು. ಕರೆಂಟಿನ ಮಿತಿಗಾಗಲಿ ಬಿಸಿಯ ಮಿತಿಗಾಗಲಿ ತಲೆ ತಾಗುವವರೆಗೆ ಚಿಪ್ಪು ವೇಗ ಏರಿಸುತ್ತಲೇ ಹೋಗುತ್ತದೆ. 7700ಎಕ್ಸ್‌ಗೆ ಸಾಕೆಟ್ಟಿನ ಮಿತಿ 142 ವ್ಯಾಟ್. ಆ 142 ಮುಟ್ಟುವ ಮೊದಲೇ ನಮ್ಮ ಕೂಲರ್ 95 ಮುಟ್ಟಿಬಿಡುತ್ತಿತ್ತು.

ಅಷ್ಟೇನೂ ದೊಡ್ಡದಲ್ಲದ 142 ವ್ಯಾಟಿಗೆ ಇಷ್ಟು ಬಿಸಿ ಯಾಕೆ? ಕೋರುಗಳಿರುವ ಸಿಲಿಕಾನ್ ತುಂಡು ಕಿರುಬೆರಳಿನ ಉಗುರಿನಷ್ಟು, 70 ಚದರ ಮಿಲಿಮೀಟರಿನ ಆಸುಪಾಸು. 5 ನ್ಯಾನೋಮೀಟರಿನ ಪ್ರಕ್ರಿಯೆಯಲ್ಲಿ ಟಿಎಸ್‌ಎಂಸಿ ಮಾಡಿದ್ದು. ಬಿಸಿಯ ಬಹುಪಾಲು ಅಷ್ಟೇ ಜಾಗದಿಂದ ಹೊರಬರಬೇಕು. ಅದರ ಮೇಲಿನ ತಾಮ್ರದ ಮುಚ್ಚಳವೂ ಈ ಸಲ ದಪ್ಪ. ಎಎಂ4 ಕೂಲರುಗಳು ಹಾಗೇ ಕೂರಲಿ ಅಂತ ಒಟ್ಟು ಎತ್ತರ ಹಳೆಯದಷ್ಟೇ ಇಟ್ಟರು. ಪಿನ್ನು ಹೋಗಿ ತೆಳ್ಳಗಾದ ಚಿಪ್ಪಿನ ಕೊರತೆಯನ್ನು ಮುಚ್ಚಳದ ದಪ್ಪದಲ್ಲಿ ತುಂಬಿದರು. ಚಿಪ್ಪುಗಳನ್ನು ನಿಗದಿಗಿಂತ ವೇಗವಾಗಿ ಓಡಿಸುವ ಜರ್ಮನಿಯ ಓವರ್‌ಕ್ಲಾಕರ್ ಡೆರ್‌ಬಾವರ್ ಒಂದು 7900ಎಕ್ಸ್‌ನ ಮುಚ್ಚಳ ಕಿತ್ತು, ಸಿಲಿಕಾನಿನ ಮೇಲೇ ನೇರವಾಗಿ ಕೂಲರ್ ಕೂರಿಸಿದಾಗ 20 ಡಿಗ್ರಿಯಷ್ಟು ಇಳಿದಿತ್ತು. ಅಂದರೆ ಕೂಲರ್ ಎಷ್ಟೇ ದೊಡ್ಡದಿರಲಿ, ಬಿಸಿ ಅದನ್ನು ತಲುಪುವ ದಾರಿಯಲ್ಲೇ ಇಕ್ಕಟ್ಟು. ವಾಟರ್ ಕೂಲರ್ ಹಾಕಿದರೂ ಆ ಇಕ್ಕಟ್ಟು ಹಾಗೇ ಇರುತ್ತದೆ. ಅಂಗಡಿಯ ಸಲಹೆಗೆ ನಾನು ತಲೆ ಆಡಿಸದೇ ಇದ್ದದ್ದು ಅದಕ್ಕೇ.

ಹಾಗಂತ ಎಲ್ಲ ಸರಿ ಇತ್ತು ಅಂತಲೂ ಅಲ್ಲ. ಸಂಜೆ ಹೋಗಿ ನೋಡಿದೆ. ರಿಸಾಲ್ವಿನಲ್ಲಿ ಎಕ್ಸ್‌ಪೋರ್ಟು ಓಡುತ್ತಿತ್ತು, ರೂಮು 33 ಡಿಗ್ರಿ. ಪ್ರೊಸೆಸರ್ 95, ಅದು ಬಿಡಿ. ಎಲ್ಲ ಕೋರಿನ ವೇಗ 4.6 ಗಿಗಾಹರ್ಟ್ಸಿಗೆ ಇಳಿದಿತ್ತು. ಕಂಪನಿ ಮಾತು ಕೊಟ್ಟ ಬೇಸ್ ಕ್ಲಾಕ್, ಅಂದರೆ ಕನಿಷ್ಠ ವೇಗ, 4.5. ನೋಡಬೇಕಾದ ಸಂಖ್ಯೆ ಇದು. 95ರಲ್ಲಿ 5.2 ಓಡುತ್ತಿದ್ದರೆ ಕೂಲರ್ ಕೆಲಸ ಮಾಡುತ್ತಿದೆ, 95ರಲ್ಲಿ 4.5ರ ಹತ್ತಿರ ಬಂದಿದ್ದರೆ ಉಸಿರು ಕಟ್ಟಿದೆ. ಟೆಂಪರೇಚರ್ ಎರಡರಲ್ಲೂ ಒಂದೇ.

ಇದನ್ನು ಭಾವನಿಗೆ ಬಾಯಲ್ಲಿ ಹೇಳಿದರೆ ನಂಬಲಿಲ್ಲ. ಮಾಡಿ ತೋರಿಸಿದೆ. ಎಕ್ಸ್‌ಪೋರ್ಟು ನಿಲ್ಲಿಸಿ ಸಿನೆಬೆಂಚನ್ನು ಹತ್ತು ನಿಮಿಷದ ಲೂಪಿಗೆ ಹಾಕಿದೆ. ಇದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಕೆಲಸವಿಲ್ಲ, ಅದರ ಬಿಸಿಯೂ ಇಲ್ಲ. ಗಾಜು ಮುಚ್ಚಿದ್ದಾಗ 95 ಡಿಗ್ರಿ, 112 ವ್ಯಾಟ್, 4.95 ಗಿಗಾಹರ್ಟ್ಸ್. ಲೂಪು ಓಡುತ್ತಿರುವಾಗಲೇ ಮುಂದಿನ ಗಾಜು ಎಳೆದು ತೆಗೆದೆ. ಭಾವ ಟೆಂಪರೇಚರ್ ಸಾಲನ್ನೇ ದಿಟ್ಟಿಸುತ್ತಿದ್ದರು. ಅದು ಅಲ್ಲಾಡಲಿಲ್ಲ.

"ನೋಡು, ಏನೂ ಆಗ್ಲಿಲ್ಲ."

"ಅದರ ಕೆಳಗಿನ ಸಾಲು ನೋಡಿ ಭಾವ."

ವ್ಯಾಟು ನಿಧಾನಕ್ಕೆ 116, 120, ಕೊನೆಗೆ 124ಕ್ಕೆ ಬಂದು ನಿಂತಿತು. ವೇಗ 5.1. ಹೆಚ್ಚಿಗೆ ಸಿಕ್ಕ ಗಾಳಿಯನ್ನು ಚಿಪ್ಪು ತಂಪಾಗಲು ಬಳಸಲಿಲ್ಲ, ಓಡಲು ಬಳಸಿತು. ಈ ಸಾಲಿನ ಪ್ರೊಸೆಸರ್ ಇಟ್ಟುಕೊಂಡು "ಹೊಸ ಕೂಲರ್ ಹಾಕಿದೆ, ಒಂದು ಡಿಗ್ರಿಯೂ ಇಳಿಯಲಿಲ್ಲ, ದುಡ್ಡು ದಂಡ" ಅನ್ನುವವರು ಈ ಕೆಳಗಿನ ಸಾಲು ನೋಡಿಲ್ಲ ಅಂತಲೇ ನನ್ನ ಅಂದಾಜು.

ಬೆಂಗಳೂರಿನದೂ ಒಂದು ಪಾಲಿದೆ ಇದರಲ್ಲಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದ್ದೇವೆ. ಇಲ್ಲಿನ ಗಾಳಿ ಚೆನ್ನೈ, ಮಂಗಳೂರಿನ ಗಾಳಿಗಿಂತ ಹತ್ತನೇ ಒಂದು ಪಾಲಿನಷ್ಟು ತೆಳು. ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಹೊತ್ತೊಯ್ಯುವ ಬಿಸಿ ಅಷ್ಟು ಕಡಿಮೆ. ಊರು ತಂಪು ಅನ್ನುವ ಧೈರ್ಯವೂ ಬೇಸಿಗೆಯಲ್ಲಿ ನಡೆಯುವುದಿಲ್ಲ. 2016ರ ಏಪ್ರಿಲಿನಲ್ಲಿ ಇದೇ ಊರು 39.2 ಕಂಡಿದೆ. ಶೀಟಿನ ಕೆಳಗಿರುವ ಮೊದಲ ಮಹಡಿಯ ಸ್ಟುಡಿಯೋ ಅಂದರೆ ಕೇಳಲೇಬೇಡಿ.

ಹಾಗಾಗಿ ಮೊದಲು ಗಾಜಿಗೇ ಕೈ ಹಾಕಿದೆ. ಪೂರ್ತಿ ತೆಗೆದಿಟ್ಟರೆ ಧೂಳು. ರಸ್ತೆ ಅಗೆದು ಮುಚ್ಚಿ ಮತ್ತೆ ಅಗೆಯುವ ಬಡಾವಣೆ ಅದು, ಒಂದು ವಾರಕ್ಕೆ ಫ್ಯಾನಿನ ರೆಕ್ಕೆ ಕೆಂಪಗಾಗುತ್ತದೆ. ಕಿಟಕಿಗೆ ಸೊಳ್ಳೆ ಬರದ ಹಾಗೆ ಹಾಕುವ ನೈಲಾನ್ ಬಲೆ ತಂದು, ಗಾಜಿನ ಚೌಕಟ್ಟಿನ ಅಳತೆಗೆ ಕತ್ತರಿಸಿ, ಅಂಚಿಗೆ ಮ್ಯಾಗ್ನೆಟ್ ಪಟ್ಟಿ ಅಂಟಿಸಿದೆ. ಲೈಟು ಅದರ ಹಿಂದೆ ಇನ್ನೂ ಕಾಣುತ್ತದೆ, ಭಾವನಿಗೆ ಅಷ್ಟು ಸಾಕಾಯಿತು. ಧೂಳು ಹಿಡಿದಾಗ ಕಿತ್ತು ನಲ್ಲಿ ಕೆಳಗೆ ತೊಳೆದು ಒಣಗಿಸಿ ಅಂಟಿಸುವುದು. ಸೊಳ್ಳೆ ಬಲೆಯಲ್ಲೂ ತೀರಾ ಸಣ್ಣ ಕಣ್ಣಿನದು ಬೇಡ, ಅದೂ ಗಾಳಿ ತಡೆಯುತ್ತದೆ.

ಕೂಲರನ್ನೂ ಬಿಚ್ಚಿದೆ. ಬಿಚ್ಚುವ ಮುಂಚೆ ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಬೆಚ್ಚಗೆ ಮಾಡಿ, ಆಫ್ ಮಾಡಿ, ಸ್ಕ್ರೂ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುವಿ ಎತ್ತಬೇಕು. ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟು ತಣ್ಣಗಿರುವಾಗ ಬಿಗಿಯಾಗಿ ಹಿಡಿದಿರುತ್ತದೆ. ಪೇಸ್ಟಿನ ಗುರುತು ಸರಿಯಾಗೇ ಇತ್ತು: ನಡುವೆ ಲೋಹ ಕಾಣುವಷ್ಟು ತೆಳು, ಅಂಚಿನಲ್ಲಿ ಸ್ವಲ್ಪ ದಪ್ಪ. ಈ ಮುಚ್ಚಳಕ್ಕೆ ಎಂಟು ಕಾಲು, ಕಾಲಿನ ಸಂದುಗಳಲ್ಲಿ ಸಣ್ಣ ಕೆಪಾಸಿಟರುಗಳು ಬಯಲಲ್ಲೇ ಇರುತ್ತವೆ. ಅಲ್ಲಿಗೆ ಉಕ್ಕಿದ ಪೇಸ್ಟು ಕರೆಂಟು ಹರಿಸದ ಜಾತಿಯದ್ದಾದರೆ ತೊಂದರೆ ಇಲ್ಲ, ನೋಡಲು ಅಸಹ್ಯ ಅಷ್ಟೆ. ಇಯರ್‌ಬಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಸಂದು ಸಂದು ತೆಗೆಯುವಷ್ಟರಲ್ಲಿ ಸೊಂಟ ಹಿಡಿಯಿತು. ಪೇಸ್ಟಿನ ಬದಲು ಕೆಲವರು ಹಚ್ಚುವ, ಕರೆಂಟು ಹರಿಸುವ ಲಿಕ್ವಿಡ್ ಮೆಟಲ್ ಮಾತ್ರ ಈ ಮುಚ್ಚಳದ ಮೇಲೆ ಪ್ರಯೋಗಕ್ಕೂ ಬೇಡ.

ಈ ಸಲ ಕೂಲರನ್ನು ಅದನ್ನು ಹಿಡಿದಿಡುವ ಪಟ್ಟಿಯ ಮೇಲೆ ಕೆಲವು ಮಿಲಿಮೀಟರ್ ಕೆಳಗೆ ಸರಿಸಿ ಬಿಗಿದೆ. ಕೋರುಗಳ ತುಂಡು ಮುಚ್ಚಳದ ನಟ್ಟನಡುವೆ ಇಲ್ಲ, ಬೋರ್ಡಿನ ಕೆಳಬದಿಗೆ ಸರಿದಿದೆ. ನಾಕ್ಟುವಾ ಕಂಪನಿ ಇದಕ್ಕೆಂದೇ 7 ಎಂಎಂ ಸರಿಸಿ ಕೂರಿಸುವ ಪಟ್ಟಿ ಮಾರುತ್ತದೆ, ಒಂದರಿಂದ ಮೂರು ಡಿಗ್ರಿ ಲಾಭ ಅನ್ನುತ್ತದೆ. ನಮ್ಮ ಕೂಲರಿನ ಪಟ್ಟಿಯಲ್ಲಿ ಉದ್ದ ತೂತು ಇದ್ದದ್ದರಿಂದ ಅಲ್ಲೇ ಸರಿಸಲು ಬಂತು. ಬಲೆ, ಹೊಸ ಪೇಸ್ಟು, ಈ ಸರಿಸುವಿಕೆ ಎಲ್ಲ ಸೇರಿ 95ರಲ್ಲಿ 133 ವ್ಯಾಟು, 5.2 ಗಿಗಾಹರ್ಟ್ಸ್. ಸ್ಕೋರು 19,500.

ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಆ ಕೊನೆಯ ಚೂರು ವೇಗಕ್ಕೆ ಚಿಪ್ಪು ಕುಡಿಯುವ ಕರೆಂಟು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬಯೋಸಿನಲ್ಲಿ, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪರದೆಯಲ್ಲಿ, ಇಕೋ ಮೋಡ್ 65 ಅಂತಿದೆ. ಅದನ್ನು ಆರಿಸಿದರೆ ಸಾಕೆಟ್ಟಿನ ಮಿತಿ 142ರಿಂದ 88 ವ್ಯಾಟಿಗೆ ಇಳಿಯುತ್ತದೆ. ಜೊತೆಗೆ ಕರ್ವ್ ಆಪ್ಟಿಮೈಸರ್: ಪ್ರತಿ ವೇಗಕ್ಕೂ ಕೊಡುವ ವೋಲ್ಟೇಜನ್ನು ಒಂದಿಷ್ಟು ತಗ್ಗಿಸುವ ಸವಲತ್ತು. ಇದರಲ್ಲಿ ಆಸೆಬುರುಕತನ ನಡೆಯುವುದಿಲ್ಲ. ಮೈನಸ್ 30 ಕೊಟ್ಟರೆ ಸಿನೆಬೆಂಚು ಆರಾಮಾಗಿ ಪಾಸು. ಆಮೇಲೆ ಏನೂ ಕೆಲಸವಿಲ್ಲದೆ ಸುಮ್ಮನೆ ಕೂತಿರುವಾಗ ಮಿಷನ್ನು ತಾನೇ ರೀಸ್ಟಾರ್ಟು. ಭಾರ ಕಡಿಮೆ ಇದ್ದಾಗಲೇ ಒಂದೊಂದು ಕೋರು ಅತಿ ಹೆಚ್ಚು ವೇಗಕ್ಕೆ ಜಿಗಿಯುವುದು, ವೋಲ್ಟೇಜು ಸಾಲದೆ ಬೀಳುವುದು ಅಲ್ಲೇ. ಮೈನಸ್ 15ಕ್ಕೆ ತಂದು ನಿಲ್ಲಿಸಿದೆ. ಎಕ್ಸ್‌ಪೋರ್ಟು, ಸುಮ್ಮನೆ ಕೂರಿಸುವುದು, ಸ್ಲೀಪಿನಿಂದ ಎಬ್ಬಿಸುವುದು ಎಲ್ಲ ನೋಡಿದ ಮೇಲೆಯೇ ಭಾವನ ಕೈಗೆ ಕೊಟ್ಟೆ.

ಅದೇ ರೂಮು, ಅದೇ 33 ಡಿಗ್ರಿ. ಈಗ 88 ವ್ಯಾಟು, 72 ಡಿಗ್ರಿ, 5.0 ಗಿಗಾಹರ್ಟ್ಸ್, ಸ್ಕೋರು 18,900. 45 ವ್ಯಾಟು ಉಳಿಯಿತು, ಹೋದದ್ದು ನೂರಕ್ಕೆ ಮೂರು. ಎಕ್ಸ್‌ಪೋರ್ಟಿನಲ್ಲಿ ಆ ಮೂರು ಕಾಣುವುದೇ ಇಲ್ಲ, ಅಲ್ಲಿ ಅರ್ಧ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಮುಂಚೆ 4.6ಕ್ಕೆ ಬಿದ್ದು ಹೋಗುತ್ತಿದ್ದದ್ದರ ಎದುರು ಇದು ಬೇಗವೇ ಮುಗಿಯುತ್ತದೆ.

2023ರ ಜನವರಿಯಲ್ಲಿ ಎಎಂಡಿ ಎಕ್ಸ್ ಇಲ್ಲದ 7700 ಬಿಟ್ಟಿತು: ಅದೇ 8 ಕೋರು, 65 ವ್ಯಾಟು ಅಂತ ಡಬ್ಬದ ಮೇಲೇ ಬರೆದದ್ದು, ಒಳಗೆ ಕೂಲರೂ ಉಚಿತ. ನಾನು ಬಯೋಸಿನಲ್ಲಿ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಇಂಥ ಕೆಲಸಕ್ಕೆ ಈ ಸರಣಿ ಕೊಳ್ಳುವವರು ಎಕ್ಸ್ ಬಿಟ್ಟು ಅದನ್ನೇ ಕೇಳಿ.

ಸ್ಟುಡಿಯೋದ ದೃಷ್ಟಿಯಿಂದ ಟೆಂಪರೇಚರಿಗಿಂತ ಕಿರಿಕಿರಿ ಆಗುತ್ತಿದ್ದದ್ದು ಸದ್ದು. ಬ್ರೌಸರ್ ತೆರೆದರೆ ಸಾಕು, ಒಂದು ಕೋರು 5.4ಕ್ಕೆ ಜಿಗಿದು ಅರೆಕ್ಷಣಕ್ಕೆ 48ರಿಂದ 70 ಡಿಗ್ರಿ ತೋರಿಸಿ ಮತ್ತೆ ಇಳಿಯುತ್ತಿತ್ತು. ಫ್ಯಾನು ಅದನ್ನು ನಂಬಿ ಗುಂಯ್ ಅಂತ ಏರುವುದು, ಸುಮ್ಮನಾಗುವುದು, ಮತ್ತೆ ಏರುವುದು. ಮಾಂಗಲ್ಯಧಾರಣೆಯ ನಾದಸ್ವರ ಸಿಂಕ್ ಮಾಡುತ್ತ ಕೂತವರಿಗೆ ಇದಕ್ಕಿಂತ ಹಿಂಸೆ ಇಲ್ಲ. ಬಯೋಸಿನ ಫ್ಯಾನ್ ಸೆಟ್ಟಿಂಗಿನಲ್ಲಿ ವೇಗ ಏರುವ ಮುಂಚೆ ಕಾಯುವ ಸಮಯ ಅಂತ ಒಂದಿರುತ್ತದೆ, ಅದನ್ನು ಕೆಲವು ಸೆಕೆಂಡಿಗೆ ಹೆಚ್ಚಿಸಿದೆ. ಬಿಸಿಗೆ ತಕ್ಕ ವೇಗ ತೋರಿಸುವ ಫ್ಯಾನಿನ ಗೆರೆಯನ್ನು 70 ಡಿಗ್ರಿಯವರೆಗೆ ಹೆಚ್ಚುಕಡಿಮೆ ಚಪ್ಪಟೆ ಇಟ್ಟು ಅಲ್ಲಿಂದ ಮೇಲೆ ಏರಿಸಿದೆ. ಸುಮ್ಮನಿದ್ದಾಗ 48 ಅನ್ನುವುದು ಹಾಗೇ ಉಳಿಯಿತು. ಈ ಚಿಪ್ಪುಗಳಲ್ಲಿ ರ‍್ಯಾಮ್ ಮುಂತಾದವುಗಳ ಸಂಪರ್ಕ ನೋಡಿಕೊಳ್ಳುವ ಐಒ ತುಂಡು ಬೇರೆ ಇರುವುದರಿಂದ ಏನೂ ಮಾಡದಿದ್ದರೂ ಇಪ್ಪತ್ತು ವ್ಯಾಟಿನ ಮೇಲೇ ಕುಡಿಯುತ್ತವೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ನಿರೀಕ್ಷೆಯೇ ಇಲ್ಲದೆ ಸಿಕ್ಕ ಲಾಭ ಯುಪಿಎಸ್‌ನದು. ಮೊದಲ ಮಳೆ ಬಂತೆಂದರೆ ಎಲ್ಲೋ ಕೊಂಬೆ ಬಿದ್ದು ಕರೆಂಟು ಹೋಗುತ್ತದೆ. ಎಕ್ಸ್‌ಪೋರ್ಟಿನ ನಡುವೆ ಹೋದರೆ ಭಾವನ ಯುಪಿಎಸ್ ಕುಯ್ಯೋ ಅಂತ ಕೂಗಿ ಅದೂ ಆಫ್. ಬ್ಯಾಟರಿ ಸತ್ತಿದೆ ಅಂತ ಹೊಸದು ಹಾಕಿಸಿದ್ದರು ಕೂಡ. ಗೋಡೆಯ ಪ್ಲಗ್ಗಿಗೆ ವ್ಯಾಟ್ ಮೀಟರ್ ಸಿಕ್ಕಿಸಿ ನೋಡಿದರೆ ಮಾನಿಟರ್ ಸೇರಿ 370ರವರೆಗೆ ಎಳೆಯುತ್ತಿತ್ತು. 600 ವಿಎ ಅಂತ ಬರೆದ ಆ ಡಬ್ಬದ ತಾಕತ್ತು 360 ವ್ಯಾಟು ಮಾತ್ರ, ಹಿಂದೆ ಸಣ್ಣಕ್ಷರದಲ್ಲಿ ಅದೂ ಬರೆದಿತ್ತು. ಇಕೋ ಮೋಡಿನ ನಂತರ ಅದೇ ಕೆಲಸಕ್ಕೆ 310. ಕರೆಂಟು ಹೋದರೆ ಈಗ ಪ್ರಾಜೆಕ್ಟು ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ನಿಲ್ಲುತ್ತದೆ.

ಈ ಕೆಲಸ ನಡೆಯುತ್ತಿದ್ದ ಹೊತ್ತಿಗೇ, 2023ರ ಏಪ್ರಿಲಿನಲ್ಲಿ, ಕೆಲವು ರೈಜನ್ 7000ಎಕ್ಸ್3ಡಿ ಚಿಪ್ಪುಗಳು (ಇದೇ ಸರಣಿಯಲ್ಲಿ ಹೆಚ್ಚು ಕ್ಯಾಶ್ ಮೆಮೊರಿ ಇರುವವು) ಸಾಕೆಟ್ಟಿನಲ್ಲೇ ಸುಟ್ಟುಬ್ಬಿದ ಚಿತ್ರಗಳು ಹರಿದಾಡಿದವು. ಭಾವ ಅದನ್ನೂ ಕಳಿಸಿದರು. ನಮ್ಮದು ಎಕ್ಸ್3ಡಿ ಅಲ್ಲ. ಅದಕ್ಕೂ ಈ 95ಕ್ಕೂ ಸಂಬಂಧವಿಲ್ಲ. ಅಲ್ಲಿ ಗುಮಾನಿ ಬಿದ್ದದ್ದು ಎಸ್‌ಒಸಿ ವೋಲ್ಟೇಜಿನ ಮೇಲೆ, ಅಂದರೆ ಚಿಪ್ಪಿನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗಕ್ಕೆ ಕೊಡುವ ವೋಲ್ಟೇಜು. ರ‍್ಯಾಮಿನ ವೇಗ ಏರಿಸುವ ಎಕ್ಸ್‌ಪೋ ಪ್ರೊಫೈಲ್ ಆನ್ ಮಾಡಿದರೆ ಕೆಲವು ಬೋರ್ಡುಗಳು ಅದನ್ನು ಬೇಕಾಬಿಟ್ಟಿ ಏರಿಸುತ್ತಿದ್ದವು. ಎಎಂಡಿ ಆಮೇಲೆ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಿತು, ಬೋರ್ಡಿನವರು ಹೊಸ ಬಯೋಸ್ ಬಿಟ್ಟರು. ನಮ್ಮ ಬೋರ್ಡಿಗೂ ಅದನ್ನು ಹಾಕಿದೆ. ಬಯೋಸ್ ಬದಲಾದರೆ ಇಕೋ ಮೋಡು, ಕರ್ವು, ಫ್ಯಾನಿನ ಗೆರೆ ಎಲ್ಲ ಅಳಿಸಿಹೋಗುತ್ತದೆ. ಅಪ್‌ಡೇಟಿಗೆ ಮುಂಚೆ ಪ್ರತಿ ಪರದೆಯನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ.

ಮಿಷನ್ನು ಅಂದಿನಿಂದ ಸುಮ್ಮನೆ ಓಡುತ್ತಿದೆ. ಭಾವನ ಹೊಸ ಬೇಡಿಕೆ ರ‍್ಯಾಮಿನದು. "ಎರಡು ಸ್ಲಾಟ್ ಖಾಲಿ ಇದಾವಲ್ಲಯ್ಯ, ಇನ್ನೆರಡು ಹಾಕ್ಬಿಡು." ಹಾಕಬಹುದು. ಆದರೆ ಈ ಚಿಪ್ಪಿಗೆ ಎರಡು ಕಡ್ಡಿಯಾದರೆ ಎಎಂಡಿ ಖಾತ್ರಿ ಕೊಡುವ ವೇಗ 5200, ನಾಲ್ಕಾದರೆ 3600. ನಮ್ಮ 5600 ಕಡ್ಡಿಗಳು ಅಷ್ಟಕ್ಕೆ ಇಳಿಯಬಹುದು, ಬೂಟಿನ ಮೆಮೊರಿ ಟ್ರೈನಿಂಗೂ ಇನ್ನಷ್ಟು ಉದ್ದ ಆಗುತ್ತದೆ. 32 ಜಿಬಿಯ ಎರಡು ಕಡ್ಡಿ ಕೊಂಡು ಈಗಿನವನ್ನು ಮಾರುವುದೇ ಸರಿ ಅಂದಿದ್ದೇನೆ. ಹಳೇ ಕಡ್ಡಿಗೆ ಎಸ್.ಪಿ. ರೋಡಿನಲ್ಲಿ ಎಷ್ಟು ಕೊಡುತ್ತಾರೆ ಅಂತ ವಿಚಾರಿಸುತ್ತಿದ್ದಾರೆ.